ಮನೋಳಿ ಎಂದು ಹುಡುಕಿದರೆ ಊರೇ ಸಿಗಲಿ

1800ರ ಜುಲೈ 30ರಂದು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪಡೆ ಇಂದಿನ ಬೆಳಗಾವಿ ಜಿಲ್ಲೆಯ ಮನೋಳಿ ಊರಿನ ಎದುರು, ಮಲಪ್ರಭೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಬಂಡುಕೋರ ಧೋಂಡಿಯಾ ವಾಘನ ದಂಡಿನ ಮೇಲೆ ಎರಗಿತು. ಇದರ ಬೆನ್ನುಹತ್ತಿದ ವಿದ್ಯಾರ್ಥಿಯೊಬ್ಬ ಇತಿಹಾಸ, ಅಡುಗೆ, ಸಾಹಿತ್ಯ ಎಲ್ಲವೂ ಇರುವ ಕನ್ನಡ ಜಾಲತಾಣದಲ್ಲಿ ‘ಮನೋಳಿ’ ಎಂದು ಹುಡುಕಿದರೆ ಕರಾವಳಿಯ ಪಲ್ಯಗಳೂ ಸಾಲುಗಟ್ಟಿ ಬರುತ್ತವೆ. ತುಳುವರಿಗೆ ಮನೋಳಿ ಎಂದರೆ ತೊಂಡೆಕಾಯಿ. ಹುಡುಕಾಟವನ್ನು ‘ಬೆಳಗಾವಿ ಜಿಲ್ಲೆ’ ಅಥವಾ ‘ಸವದತ್ತಿ’ ವಿಭಾಗಕ್ಕಷ್ಟೇ ಕಟ್ಟಿಹಾಕುವ ಅನುಕೂಲ ಅವನಿಗೆ ಬೇಕು. ಅದನ್ನು ಒದಗಿಸುವುದು ಕಷ್ಟವಲ್ಲ. ಆದರೆ ಬಹಳ ಕಡೆ ಅದನ್ನು ತಪ್ಪಾದ ಹಂತದಲ್ಲಿ ಮಾಡುತ್ತಾರೆ.

ತಪ್ಪು ದಾರಿ ಹೀಗಿದೆ: ಇಡೀ ತಾಣದಲ್ಲಿ ಹುಡುಕಿ, ಮೊದಲ ನೂರು ಫಲಿತಾಂಶ ತಂದು, ಸವದತ್ತಿಗೆ ಸೇರದವನ್ನು ಕಿತ್ತುಹಾಕುವುದು. ನೂರರಲ್ಲಿ ತೊಂಬತ್ತೆಂಟು ಪಲ್ಯದ ಪುಟಗಳಾಗಿದ್ದರೆ ಓದುಗನಿಗೆ ಉಳಿಯುವುದು ಎರಡೇ. ನೂರಾ ಒಂದನೆಯ ಜಾಗದಲ್ಲಿದ್ದ ಒಳ್ಳೆಯ ಲೇಖನ ಅವನ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆಂದು ನೂರನ್ನು ಸಾವಿರ ಮಾಡಿದರೆ ಸರ್ವರ್ ಏದುಸಿರು ಬಿಡುತ್ತದೆ.

ಸರಿಯಾದ ದಾರಿ ಪದಸೂಚಿಯೊಳಗೇ ಇದೆ. ಹುಡುಕಾಟದ ತಂತ್ರಾಂಶ ಪ್ರತಿ ಪದಕ್ಕೂ ‘ಇದು ಇಂತಿಂಥ ಪುಟಗಳಲ್ಲಿದೆ’ ಎಂಬ ಪಟ್ಟಿಯನ್ನು ಪುಟಸಂಖ್ಯೆಯ ಕ್ರಮದಲ್ಲಿ ಮೊದಲೇ ಸಿದ್ಧಮಾಡಿಟ್ಟಿರುತ್ತದೆ. ವಿಭಾಗವನ್ನೂ ಹಾಗೆಯೇ ಒಂದು ಪದವೆಂದು ಬಗೆದು ಸೂಚಿಗೆ ಸೇರಿಸಿಬಿಡಿ. ಈಗ ‘ಮನೋಳಿ’ಯ ಪಟ್ಟಿ, ‘ಸವದತ್ತಿ’ಯ ಪಟ್ಟಿ ಎರಡರಲ್ಲೂ ಇರುವ ಪುಟಗಳನ್ನು ಆರಿಸಿದರಾಯಿತು. ತಂತ್ರಾಂಶ ಚಿಕ್ಕ ಪಟ್ಟಿಯನ್ನು ಹಿಡಿದು, ದೊಡ್ಡದರಲ್ಲಿ ಬೇಡದ ಭಾಗವನ್ನು ಹಾರಿಸುತ್ತ ಸಾಗುತ್ತದೆ. ಅಂಕ ಹಾಕಿ ಮೇಲೆ ಕೆಳಗೆ ಜೋಡಿಸುವ ದುಬಾರಿ ಕೆಲಸ ಉಳಿದ ಕೆಲವೇ ಪುಟಗಳಿಗೆ ಸಾಕು.

ವಿಭಾಗದೊಳಗೆ ವಿಭಾಗವಿದ್ದರೆ? ಬೆಳಗಾವಿಯೊಳಗೆ ಸವದತ್ತಿ, ಅದರೊಳಗೆ ಮನೋಳಿ. ಹುಡುಕುವ ಹೊತ್ತಿಗೆ ಮರ ಹತ್ತಿ ಒಳವಿಭಾಗಗಳನ್ನೆಲ್ಲ ಕಲೆಹಾಕುವ ಬದಲು, ಪುಟವನ್ನು ಸೂಚಿಗೆ ಸೇರಿಸುವಾಗಲೇ ಅದರ ಮೇಲೆ ಮೂರೂ ಗುರುತುಗಳನ್ನು ಅಂಟಿಸುವುದು ಲೇಸು. ಕನ್ನಡ ವಿಕಿಪೀಡಿಯದಲ್ಲಿ ವರ್ಗದೊಳಗೆ ಹುಡುಕಲು ಎರಡು ಬಗೆಯ ಆದೇಶಗಳಿವೆ. ‘ಇನ್‌ಕ್ಯಾಟಗರಿ’ ಆದೇಶ ಪುಟದ ಮೇಲೆ ನೇರವಾಗಿ ಇರುವ ವರ್ಗವನ್ನಷ್ಟೇ ನೋಡುತ್ತದೆ. ‘ಡೀಪ್‌ಕ್ಯಾಟ್’ ಆದೇಶ ಆ ಕ್ಷಣದಲ್ಲಿ ಒಳವರ್ಗಗಳಿಗೂ ಇಳಿಯುತ್ತದೆ. ಆ ಕೆಲಸ ಭಾರವಾದ್ದರಿಂದಲೇ ಎಷ್ಟು ಆಳಕ್ಕೆ, ಎಷ್ಟು ವರ್ಗಗಳಿಗೆ ಎಂಬ ಮಿತಿಯನ್ನು ಅದಕ್ಕೆ ಹಾಕಿದ್ದಾರೆ.

ಗುರುತಾಗಿ ಹೆಸರನ್ನಲ್ಲ, ಬದಲಾಗದ ಸಂಖ್ಯೆಯನ್ನು ಬಳಸಬೇಕೆಂದು ನಾನು ಒತ್ತಿ ಹೇಳುತ್ತೇನೆ. 1884ರ ಮುಂಬಯಿ ಪ್ರಾಂತದ ಬೆಳಗಾವಿ ಗ್ಯಾಸೆಟಿಯರ್‌ನಲ್ಲಿ ಇಂದಿನ ಸವದತ್ತಿ ತಾಲ್ಲೂಕಿನ ಹೆಸರು ಪರಸಗಡ. ಹೆಸರು ಬದಲಾದಾಗಲೆಲ್ಲ ಸಾವಿರಾರು ಪುಟಗಳ ಸೂಚಿಯನ್ನು ಮತ್ತೆ ಬರೆಯುವುದು ಯಾರಿಗೆ ಬೇಕು? ವಿಭಾಗವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರೆ ಮಾತ್ರ ಆ ಕೆಲಸ ತಪ್ಪುವುದಿಲ್ಲ. ಅದು ಅಪರೂಪ, ಹುಡುಕಾಟವಾದರೋ ದಿನವೂ ನಡೆಯುವಂಥದ್ದು. ಹಾಗಾಗಿ ಈ ಹೊರೆ ಹೊರಬಹುದು.

ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ತಾಣ ಕಟ್ಟುವವರಿಗೆ ದುಡ್ಡಿಲ್ಲದೆ ಸಿಗುವ ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಎಂಬ ಹುಡುಕಾಟದ ಸೌಲಭ್ಯ ಸಾಕು. ವಿಭಾಗದ ಗುರುತುಗಳಿಗೆ ಬೇರೆ ಕಾಲಂ ಇಟ್ಟು, ಅಂಕ ಹಾಕುವಾಗ ಅದರ ತೂಕವನ್ನು ಸೊನ್ನೆ ಮಾಡಿ. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಇದ್ದರೆ ವಿಭಾಗದ ಷರತ್ತನ್ನು ‘ಫಿಲ್ಟರ್’ ಭಾಗದಲ್ಲಿ ಬರೆಯಿರಿ. ಅಲ್ಲಿ ಅಂಕದ ಲೆಕ್ಕವೇ ಇರುವುದಿಲ್ಲ.

ಕನ್ನಡಕ್ಕೆ ಇಲ್ಲೊಂದು ಪೆಟ್ಟು ಕಾದಿದೆ. ಎಫ್‌ಟಿಎಸ್5ರ ಪೂರ್ವನಿಯೋಜಿತ ‘ಯೂನಿಕೋಡ್61’ ಪದವಿಭಜಕ ನಮ್ಮ ಗುಣಿತಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲ. ‘ಮನೋಳಿ’ ಅಲ್ಲಿ ‘ಮನ’ ಮತ್ತು ‘ಳ’ ಎಂದು ಒಡೆದುಹೋಗುತ್ತದೆ. ಅದರ ‘ಕ್ಯಾಟಗರೀಸ್’ ಆಯ್ಕೆಗೆ ‘ಎಂಎನ್’, ‘ಎಂಸಿ’ ಎಂಬ ಎರಡು ಯೂನಿಕೋಡ್ ವರ್ಗಗಳನ್ನು ಸೇರಿಸಿದರೆ ಪದ ಇಡಿಯಾಗಿ ಉಳಿಯುತ್ತದೆ. ವಿಭಕ್ತಿಗಳದ್ದು ಇನ್ನೊಂದು ತೊಡಕು: ಮನೋಳಿಯ, ಮನೋಳಿಗೆ, ಮನೋಳಿಯಿಂದ. ಪದದ ಕೊನೆಗೆ ನಕ್ಷತ್ರಚಿಹ್ನೆ ಹಾಕಿ ಹುಡುಕಿಸಿದರೆ ಇವೆಲ್ಲವೂ ಸಿಗುತ್ತವೆ. ಸರ್ಕಾರಿ ಕಾಗದಗಳಲ್ಲಿ ಊರು ‘ಮುನವಳ್ಳಿ’ ಆಗಿರುವುದರಿಂದ ಎರಡು ರೂಪಗಳನ್ನೂ ಸಮಾನಪದಗಳಾಗಿ ಸೇರಿಸಬೇಕು.

ಬೇರೆಯವರ ತಾಣದಲ್ಲಿ ಇಂಥ ಸೌಲಭ್ಯ ಇಲ್ಲದಿದ್ದರೆ ಗೂಗಲ್‌ನಲ್ಲಿ ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ಎರಡು ಚುಕ್ಕಿ ಹಾಕಿ, ಜಾಗ ಬಿಡದೆ ವಿಭಾಗದ ವಿಳಾಸ ಕೊಡಬಹುದು. ಆದರೆ ಪುಟದ ವಿಳಾಸದಲ್ಲೇ ವಿಭಾಗದ ಹೆಸರಿದ್ದರೆ ಮಾತ್ರ ಇದು ಫಲಿಸುತ್ತದೆ.

ವಿಭಾಗದೊಳಗೆ ಏನೂ ಸಿಗದಿದ್ದಾಗ ಖಾಲಿ ಪುಟ ತೋರಿಸಬೇಡಿ. ಧೋಂಡಿಯಾನ ಕುರಿತ ಲೇಖನವನ್ನು ಯಾರೋ ‘ಮೈಸೂರು ಇತಿಹಾಸ’ದಲ್ಲಿ ಇಟ್ಟಿರಬಹುದು. ಒಂದು ಮೆಟ್ಟಿಲು ಮೇಲಿನ ವಿಭಾಗದಲ್ಲಿ ಎಷ್ಟಿವೆ, ಇಡೀ ತಾಣದಲ್ಲಿ ಎಷ್ಟಿವೆ ಎಂದು ಲೆಕ್ಕ ತೋರಿಸಿ, ಅಲ್ಲಿಗೆ ಹೋಗಲು ಕೊಂಡಿ ಕೊಡಿ.