ಕಾರಿಗೂ ಕೋಟೆ ಬೇಕೆ?

ಚಂದ್ರವಳ್ಳಿಗೆ ಬರುವ ಕೆಲವು ದೊಡ್ಡ ಕಾರುಗಳ ಮೂತಿಗೆ ಉಕ್ಕಿನ ಗಾರ್ಡ್ ಕಾಣುತ್ತದೆ. 'ಮೇಷ್ಟ್ರೇ, ಯಾವ ಗಾರ್ಡ್ ಹಾಕಿಸಲಿ?' ಎಂದು ಕೇಳುವ ಪೋಷಕರೂ ಉಂಟು. ಏಳು ಸುತ್ತಿನ ಕೋಟೆಯ ಊರಿನವರಲ್ಲವೇ! ಆದರೆ ಕೋಟೆ ನಿಂತಲ್ಲೇ ಇರುತ್ತದೆ, ಕಾರು ಓಡುತ್ತದೆ.

ಮಕ್ಕಳೇ, ಕ್ರಿಕೆಟ್ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆಳೆಯುತ್ತೀರಲ್ಲ? ಚೆಂಡು ನಿಧಾನವಾಗಿ ನಿಂತರೆ ಪೆಟ್ಟು ಕಡಿಮೆ. ಕಾರಿನ ಮೂತಿ ಕುಗ್ಗುವಂತೆ ಮಾಡಿರುವುದೂ ಇದಕ್ಕೇ. ಗಂಟೆಗೆ 60 ಕಿ.ಮೀ. ವೇಗದ ಕಾರು ಗುದ್ದಿ, ಅರ್ಧ ಮೀಟರ್ ಕುಗ್ಗಿ ನಿಂತರೆ ಒಳಗಿನವರ ಮೇಲೆ ಅವರ ತೂಕದ ಸುಮಾರು 28 ಪಟ್ಟು ಬಲ. ಕಾಲು ಮೀಟರ್ ಮಾತ್ರ ಕುಗ್ಗಿದರೆ 56 ಪಟ್ಟು. ಚಾಸಿಗೆ ಬಿಗಿದ ಗಾರ್ಡ್ ಈ ಕುಗ್ಗುವಿಕೆಯನ್ನೇ ತಡೆಯಬಹುದು. ಏರ್‌ಬ್ಯಾಗಿನ ಸೆನ್ಸರನ್ನೂ ದಾರಿ ತಪ್ಪಿಸಬಹುದು. ಅಡ್ಡ ಬಂದ ಮಗುವಿಗಂತೂ ಅದು ಹಾರೆಯ ಪೆಟ್ಟು.

ಇದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆಯೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಬಂಪರ್ ಒಡೆದರೆ ಹೊಸದು ಸಿಗುತ್ತದೆ. ಗಾರ್ಡ್ ಬೇಡ, ಸೀಟ್ ಬೆಲ್ಟ್ ಕಟ್ಟಿ.