ಬೆಳ್ಳಿಗಿಂತ ಭಾರದ ಕಂಚು

2022ರ ಆಗಸ್ಟ್ ಮೊದಲ ವಾರ. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೊರಟಿದ್ದ ನಾನು ವಂಡ್ಸೆಯಲ್ಲಿ ಚಹಾ ಕುಡಿಯಲು ಇಳಿದಿದ್ದೆ. ಹೊರಗೆ ಬಿಡದ ಮಳೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪತ್ರಿಕೆ ಮಡಚಿಡುತ್ತಾ, ‘ಹ್ವಾಯ್, ನಮ್ ಗುರುರಾಜಂಗೆ ಈ ಸಲ ಬರೀ ಕಂಚ್ ಅಂಬ್ರ್’ ಎಂದರು. ದನಿಯಲ್ಲಿ ಅಭಿಮಾನವೇ ಇತ್ತು. ಆದರೂ ಆ ‘ಬರೀ’ ಎಂಬ ಮಾತು ಕೊಲ್ಲೂರಿನವರೆಗೂ ನನ್ನನ್ನು ಬಿಡಲಿಲ್ಲ.

ವಂಡ್ಸೆಯ ಗುರುರಾಜ ಪೂಜಾರಿ ಸರಕು ವಾಹನ ಚಾಲಕರ ಮಗ. ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟಕ್ಕೆ ಅಷ್ಟಾಗಿ ಸೇರದ ಸೀಮೆ ನಮ್ಮದು. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದುದನ್ನು ಕಂಡು ಕುಸ್ತಿಗೆ ಮನಸೋತ ಈ ಹುಡುಗನ ಕೈಗೆ ಭಾರದ ಸರಳು ಸಿಕ್ಕಿದ್ದು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ. ಎತ್ತರ ಸಾಲದೆಂದು ಸೇನೆಯ ಬಾಗಿಲು ಮುಚ್ಚಿತು, ವಾಯುಪಡೆ ಕರೆದುಕೊಂಡಿತು. ಕುಳ್ಳಗಿರುವುದು ಭಾರ ಎತ್ತುವವನಿಗೆ ಅನುಕೂಲವೇ ಎಂಬುದು ಬೇರೆ ಮಾತು!

2018ರ ಏಪ್ರಿಲ್ 5, ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ, 56 ಕೆ.ಜಿ. ವಿಭಾಗ. ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕೆ.ಜಿ. ಎತ್ತಬೇಕು, ಅಂದರೆ ನಮ್ಮ ಕಡೆಯ ಮೂರು ಅಕ್ಕಿಮುಡಿಗಳಿಗಿಂತಲೂ ಹೆಚ್ಚು. ಮೊದಲೆರಡು ಯತ್ನಗಳೂ ವಿಫಲ. ಮೂರು ಯತ್ನಗಳಲ್ಲಿ ಒಂದೂ ಕೈಗೂಡದಿದ್ದರೆ ಒಟ್ಟು ಮೊತ್ತವೇ ಇಲ್ಲ, ಪದಕದ ಪ್ರಶ್ನೆಯೇ ಏಳದು. ಮೂರನೆಯ ಯತ್ನದಲ್ಲಿ ಸರಳು ತಲೆಯ ಮೇಲೆ ನಿಂತಿತು. ಸ್ನ್ಯಾಚ್‌ನ 111 ಸೇರಿ ಒಟ್ಟು 249. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು, ಬೆಳ್ಳಿ. ಕಂಚು ಪಡೆದ ಶ್ರೀಲಂಕಾದ ಚತುರಂಗ ಲಕ್ಮಲ್ ಎತ್ತಿದ್ದು 248.

ಅದೇ ವರ್ಷ ಅಂತರರಾಷ್ಟ್ರೀಯ ಒಕ್ಕೂಟವು ದೇಹತೂಕದ ವಿಭಾಗಗಳನ್ನು ಬದಲಿಸಿತು. 56 ಕೆ.ಜಿ. ವಿಭಾಗವೇ ಇಲ್ಲವಾಯಿತು. ಗುರುರಾಜ 61 ಕೆ.ಜಿ.ಗೆ ಏರಬೇಕಾಯಿತು. ಕ್ರಿಕೆಟಿಗನಿಗೆ ಪಿಚ್ ಬದಲಾಗುವುದುಂಟು. ಇಲ್ಲಿ ಬದಲಾಗಬೇಕಾದದ್ದು ಆಟಗಾರನ ಮೈಯೇ.

ಬರ್ಮಿಂಗ್‌ಹ್ಯಾಮ್‌ನಲ್ಲಿ, 2022ರ ಜುಲೈ 30ರಂದು, ಆತ ಎತ್ತಿದ್ದು 118 ಮತ್ತು 151, ಒಟ್ಟು 269 ಕೆ.ಜಿ. ನಾಲ್ಕು ವರ್ಷಗಳಲ್ಲಿ ಮೊತ್ತಕ್ಕೆ ಸೇರಿದ್ದು 20 ಕೆ.ಜಿ. ಆದರೆ ಹೊಸ ವಿಭಾಗದಲ್ಲಿ ಮಲೇಷ್ಯಾದ ಸ್ಪರ್ಧಿ 285, ಪಪುವಾ ನ್ಯೂಗಿನಿಯ ಸ್ಪರ್ಧಿ 273 ಎತ್ತಿದರು. ಭಾರ ಹೆಚ್ಚಿತು, ಪದಕದ ಬಣ್ಣ ಇಳಿಯಿತು. ಪತ್ರಿಕೆಯ ಪದಕಪಟ್ಟಿಯಲ್ಲಿ ಕಾಣುವುದು ಬಣ್ಣ ಮಾತ್ರ.

ಅಂದು ನಾಲ್ಕನೆಯವನಾಗಿ ಬರಿಗೈಯಲ್ಲಿ ಮರಳಿದ ಕೆನಡಾದ ಸ್ಪರ್ಧಿಯ ಮೊತ್ತ 268.