ಡಚ್ ಸಮಾಸಪದ: ಕಣ್ಣಿಗೆ ಕಾಣದ ಬೆಸುಗೆ ಕಿವಿಗೆ ಕೇಳುತ್ತದೆ

ಡಚ್ ಎಂದರೆ ರೈಲಿನಷ್ಟು ಉದ್ದದ ಪದಗಳ ಭಾಷೆ ಎಂಬ ಮಾತು ಬಹಳ ಓಡಾಡುತ್ತದೆ. ಸಾಕ್ಷಿಗೂ ಕೊರತೆಯಿಲ್ಲ. ವಾನ್ ಡಾಲೆ ನಿಘಂಟಿನಲ್ಲಿ ಬಹುವ್ಯಕ್ತಿತ್ವದ ಕಾಯಿಲೆಗೆ ಇರುವ ಪದಕ್ಕೆ 35 ಅಕ್ಷರ! ಬಿಡಿಸಿ ನೋಡಿದರೆ ಅದು 'ಬಹು', 'ವ್ಯಕ್ತಿತ್ವ', 'ಕಾಯಿಲೆ' ಎಂಬ ಮೂರೇ ಪದ. ನಡುವೆ ಜಾಗ ಬಿಟ್ಟಿಲ್ಲ, ಅಷ್ಟೆ. ಬಿಡುವಂತೆಯೂ ಇಲ್ಲ. 'ಲಾಂಗೆಆಫ್‌ಸ್ಟಾಂಟ್ಸ್‌ಲೋಪರ್' ಎಂದರೆ ದೂರದ ಓಟದವನು. 'ಲಾಂಗೆ' ಆದಮೇಲೆ ಜಾಗ ಬಿಟ್ಟರೆ ಓಟವಲ್ಲ, ಓಡುವವನೇ ಉದ್ದವಾಗುತ್ತಾನೆ.

ಲಿಂಗವನ್ನು ಮೊದಲ ಪದ ನಿರ್ಧರಿಸುತ್ತದೆ ಎಂಬುದೂ ಸುಳ್ಳು. ಲಿಂಗ ತೋರಿಸುವ ಉಪಪದಗಳಲ್ಲಿ 'ಹೌಸ್' (ಮನೆ) ಪದಕ್ಕೆ 'ಹೆಟ್' ಸೇರುತ್ತದೆ, 'ಡ್ಯೋರ್' (ಬಾಗಿಲು) ಪದಕ್ಕೆ 'ಡೆ'. ಮನೆಬಾಗಿಲು 'ಡೆ ಹೌಸ್‌ಡ್ಯೋರ್'. ನಮ್ಮ ತತ್ಪುರುಷದಂತೆ ಇಲ್ಲಿಯೂ ಉತ್ತರಪದದ್ದೇ ಯಜಮಾನಿಕೆ.

ಸಮಾಸದ ಎರಡು ಪದಗಳ ನಡುವೆ ಬರುವ 'ಎನ್' ಅಕ್ಷರ ಬಹುವಚನವೇ? 'ಪನ್' ಎಂದರೆ ಬಾಣಲೆ. ದೋಸೆಯಂಥ 'ಪನ್ನೆಕೂಕ್' ಹುಯ್ಯಲು ಒಂದೇ ಬಾಣಲೆ ಸಾಕು. ಆದರೂ 1995ರ ಕಾಗುಣಿತ ಸುಧಾರಣೆ ಅದರ ನಡುವೆ ಒಂದು 'ಎನ್' ತುರುಕಿತು. ಸೂರ್ಯಕಾಂತಿಯಾದ 'ಜೊನ್ನೆಬ್ಲೂಮ್' ಮಾತ್ರ ಪಾರಾಯಿತು, ಸೂರ್ಯ ಒಬ್ಬನೇ ಎಂಬ ಕಾರಣಕ್ಕೆ. ನೆದರ್‌ಲ್ಯಾಂಡ್ಸ್‌ನ ಬಹುಪಾಲು ಜನ ಆ 'ಎನ್' ಅನ್ನು ಉಚ್ಚರಿಸುವುದೇ ಇಲ್ಲ. ನನ್ನ ಮಟ್ಟಿಗೆ ಇದು ಶಾಲಾಮಕ್ಕಳನ್ನು ಗೋಳುಹೊಯ್ದುಕೊಳ್ಳಲೆಂದೇ ಮಾಡಿದ ನಿಯಮ.

ಒತ್ತು ಯಾವಾಗಲೂ ಮೊದಲ ಪದದ ಮೇಲೆ ಎನ್ನುವವರು ಮುಕ್ಕಾಲು ಪಾಲು ಸರಿ. ಆಸ್ಪತ್ರೆ 'ಜೀಕನ್‌ಹೌಸ್', ಒತ್ತು 'ಜೀ' ಮೇಲೆ. ಪುರಭವನ 'ಸ್ಟಾಟ್‌ಹೌಸ್', ಅದೇ 'ಹೌಸ್', ಆದರೆ ಈಗ ಒತ್ತು ಅದರ ಮೇಲೆಯೇ. ಆ ಭವನದ ಮೇಯರ್ ಆದ 'ಬುರ್ಖೆಮೇಸ್ಟರ್' ಕೂಡ ಒತ್ತನ್ನು 'ಮೇಸ್' ಮೇಲೆ ಹೊರುತ್ತಾನೆ. ಇಂಥವನ್ನು ಒಂದೊಂದಾಗಿ ಕಲಿಯದೆ ಬೇರೆ ದಾರಿಯಿಲ್ಲ.

ಕನ್ನಡಿಗರು ಹೆಚ್ಚು ಎಡವುವುದು ಉಚ್ಚಾರಾಂಶದಲ್ಲಿ. ವ್ಯಂಜನದ ಮುಂದೆ ಸ್ವರ ಬಂದರೆ ಎರಡನ್ನೂ ಕೂಡಿಸುವುದು ನಮ್ಮ ನಾಲಿಗೆಯ ರೂಢಿ: ಊರು, ಅಲ್ಲಿ ಸೇರಿ ಊರಲ್ಲಿ. ಪ್ರತ್ಯಯ ಹತ್ತಿದಾಗ ಡಚ್ಚರೂ ಹಾಗೇ ಮಾಡುತ್ತಾರೆ. ಕೈಗೆ 'ಹಾಂಟ್' ಎನ್ನುವವರು ಕೈಗಳಿಗೆ 'ಹಾನ್-ಡನ್' ಎನ್ನುತ್ತಾರೆ. ಬರಹದಲ್ಲಿರುವ 'ಡ' ಮುಂದಿನ ಸ್ವರದ ಜೊತೆ ಸೇರಿ ಉಳಿದುಕೊಳ್ಳುತ್ತದೆ. ಸಮಾಸದಲ್ಲಿ ಮಾತ್ರ ಈ ಆಟ ನಡೆಯದು. ಬೇಯಿಸದೆ ಹಾಗೇ ತಿನ್ನುವ ಸೇಬು 'ಹಾಂಟ್-ಆಪಲ್'. ಮುಂದೆಯೇ ಸ್ವರವಿದ್ದರೂ 'ಡ' ಅದರತ್ತ ಜರುಗುವುದಿಲ್ಲ. ತನ್ನ ಪದದ ಕೊನೆಯಲ್ಲೇ ನಿಂತು 'ಟ' ಆಗುತ್ತದೆ. ಕಣಜಗೂಬೆಯೂ 'ಕೆರ್ಕ್-ಔಲ್', ಅಂದರೆ ಚರ್ಚಿನ ಗೂಬೆ, 'ಕೆರ್-ಕೌಲ್' ಅಲ್ಲ. ಎರಡು ಪದಗಳ ನಡುವಿನ ಗಡಿಯನ್ನು ಬರಹ ಅಳಿಸುತ್ತದೆ, ನಾಲಿಗೆ ಕಾಯುತ್ತದೆ.

ಹಾಗಾಗಿ ಅಕ್ಷರಗಳನ್ನಷ್ಟೇ ನೋಡಿ ಸಾಲಿನ ಕೊನೆಯಲ್ಲಿ ಪದ ಮುರಿಯುವ ಕಂಪ್ಯೂಟರ್ 'ಕ್ವಾರ್ಟ್ಸ್ಲಾಗನ್' ಬಂದಾಗ ತಬ್ಬಿಬ್ಬಾಗುತ್ತದೆ. 'ಕ್ವಾರ್ಟ್-ಸ್ಲಾಗನ್' ಎಂದರೆ ಕಾಲು ಸುತ್ತುಗಳು, 'ಕ್ವಾರ್ಟ್ಸ್-ಲಾಗನ್' ಎಂದರೆ ಬೆಣಚುಕಲ್ಲಿನ ಪದರಗಳು. ಲೇಖನ ಭೂವಿಜ್ಞಾನದ್ದೋ ಕೀಲಿಕೈಯದ್ದೋ ಎಂದು ತಿಳಿದವರಷ್ಟೇ ಆ ಗೆರೆಯನ್ನು ಸರಿಯಾದ ಜಾಗದಲ್ಲಿ ಎಳೆದಾರು.